ಎಐ ಆಮೇಲೆ ಆಗಲಿ, ಮೊದಲು ಡೇಟಾಬೇಸ್ ಕಲಿಸಿ



ನಮ್ಮ ಜಮಾಅತಿನ ಯುವಕರ ಸಮಿತಿ ಕಳೆದ ತಿಂಗಳು ಒಂದು ತೀರ್ಮಾನ ಮಾಡಿತು. ಪಿಯುಸಿ ಮತ್ತು ಡಿಗ್ರಿ ಮಕ್ಕಳಿಗೆ ಮೂರು ತಿಂಗಳ ಎಐ ಕೋರ್ಸ್. ಟ್ರೈನರ್ ಹೊರಗಿನಿಂದ ಬರುತ್ತಾರೆ, ಕೊನೆಗೆ ಸರ್ಟಿಫಿಕೇಟ್ ಇದೆ, ಖರ್ಚಿಗೆ ಗಲ್ಫಿನಲ್ಲಿರುವ ಇಬ್ಬರು ಒಪ್ಪಿದ್ದಾರೆ. ಮೀಟಿಂಗಿನಲ್ಲಿ ಎದ್ದು ಬೇರೆ ಮಾತಾಡಿದವನು ನಾನೊಬ್ಬನೇ. ಎಐ ಬೇಡ ಎನ್ನಲಿಲ್ಲ, ಅದಕ್ಕೆ ಮೊದಲು ಡೇಟಾಬೇಸ್ ಕಲಿಸಿ ಎಂದೆ. ಹಿಂದಿನ ಸಾಲಿನಿಂದ ಯಾರೋ, "ಮೆಕ್ಯಾನಿಕಲ್ ಡಿಪ್ಲೊಮಾದವನಿಗೆ ಡೇಟಾಬೇಸ್ ಎಂಥಕ್ಕೆ ಮಾರಾಯ" ಎಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಎರಡು ನಿಮಿಷದಲ್ಲಿ ಹೇಳಿ ಮುಗಿಸುವ ವಿಷಯ ಅದಾಗಿರಲಿಲ್ಲ. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ. ಕೋಪವೂ ಇದೆ. ಆ ಕೋಪದಲ್ಲಿ ಒಂದು ಪಾಲು ನನ್ನ ಮೇಲೆಯೇ, ಅದನ್ನು ಮುಂದೆ ಹೇಳುತ್ತೇನೆ.

ಮೊದಲು ನಮ್ಮೂರಿನಿಂದ ದೂರದ ಒಂದು ಊರಿನ ಮಾತು. ಗಾಳಿಯಂತ್ರಗಳ ಗೇರ್‌ಬಾಕ್ಸ್ ರಿಪೇರಿ ನನ್ನ ಕೆಲಸ. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಜತ್ತ ತಾಲೂಕಿಗೆ ಆಗಾಗ ಹೋಗಬೇಕಾಗುತ್ತದೆ. ಮಳೆ ಕಡಿಮೆ, ಗಾಳಿ ಜಾಸ್ತಿ ಇರುವ ಸೀಮೆ. ಸರಕಾರದ ಕಾಗದ ಮರಾಠಿ, ಮನೆಯ ಮಾತು ಬಹಳ ಕಡೆ ಕನ್ನಡ. 1967ರ ಮಹಾಜನ ವರದಿ ಜತ್ತವನ್ನು ಕರ್ನಾಟಕಕ್ಕೆ ಸೇರಿಸಬಹುದು ಎಂದಿತ್ತು. 2022ರ ಕೊನೆಗೆ ಆ ತಾಲೂಕಿನ ಹೆಸರು ಮತ್ತೆ ಪೇಪರಿನಲ್ಲಿ ಬಂದದ್ದು ನಿಮಗೂ ನೆನಪಿರಬಹುದು. ಅಲ್ಲಿ ನಮ್ಮ ತಂಡದಲ್ಲಿ ಕೆಲಸ ಮಾಡುವ ಹುಡುಗನೊಬ್ಬನ ಊರು ಸನಮಡಿ. ಅವನ ಮನೆಯಲ್ಲಿ ಜೋಳದ ರೊಟ್ಟಿ ತಿಂದು ಒಂದು ದಿನ ಅವನ ಆಯಿಯ, ಎಂದರೆ ಅಜ್ಜಿಯ, ಜೊತೆ ಸೇವಾ ಕೇಂದ್ರಕ್ಕೆ ಹೋದೆ. ಪಿಎಂ ಕಿಸಾನ್ ಹಣ, ವರ್ಷಕ್ಕೆ 6000 ರೂಪಾಯಿ, ಮೂರು ಕಂತಿನಲ್ಲಿ ಬರುವಂಥದ್ದು, ಅವರಿಗೆ ನಿಂತುಹೋಗಿತ್ತು. ಗಂಡ ತೀರಿದ ಮೇಲೆ ಹೊಲ ಅವರ ಹೆಸರಿಗೆ ಬಂದಿದೆ. ಆಧಾರ್ ಇದೆ, ಪಾಸ್‌ಬುಕ್ ಇದೆ. ಮೂರರಲ್ಲಿ ಹೆಸರು ಮೂರು ತರ.

ಆಯಿಯ ಹೆಸರು ಇಲ್ಲಿ ಬೇಡ, ಅಂಥದೇ ಇನ್ನೊಂದು ಹೆಸರು ತೆಗೆದುಕೊಳ್ಳಿ. ಕೆಂಚವ್ವ. ಕನ್ನಡದಲ್ಲಿ ‘ಕೆ’ ಹ್ರಸ್ವ. ದೇವನಾಗರಿಯಲ್ಲಿ ಬರೆಯುವ ಮರಾಠಿಗೆ ಹ್ರಸ್ವ ‘ಎ’ ಬೇರೆ, ದೀರ್ಘ ‘ಏ’ ಬೇರೆ ಎಂಬ ಅಕ್ಷರವೇ ಇಲ್ಲ, ಹ್ರಸ್ವ ‘ಒ’ ಕೂಡ ಇಲ್ಲ. ಹೊಲದ ಉತಾರದಲ್ಲಿ ಆ ಹೆಸರು ಕೇಂಚವ್ವಾ ಆಗುತ್ತದೆ. ಅದನ್ನು ನೋಡಿ ಒಬ್ಬರು ಇಂಗ್ಲಿಷಿನಲ್ಲಿ ಎರಡು ‘ವಿ’ ಹಾಕುತ್ತಾರೆ, ಇನ್ನೊಬ್ಬರು ಎರಡು ‘ಡಬ್ಲ್ಯು’ ಹಾಕುತ್ತಾರೆ, ಮೂರನೆಯವರು ಒಂದೇ ಸಾಕು ಎನ್ನುತ್ತಾರೆ. ಅದರ ಜೊತೆಗೆ ಮಹಾರಾಷ್ಟ್ರದ ಪದ್ಧತಿಯಲ್ಲಿ ಹೆಸರು, ಗಂಡನ ಹೆಸರು, ಅಡ್ಡಹೆಸರು. ಒಂದು ಕಡೆ ಅಡ್ಡಹೆಸರು ಮೊದಲು, ಇನ್ನೊಂದು ಕಡೆ ಕೊನೆಗೆ. ಕಂಪ್ಯೂಟರಿಗೆ ಇವರೆಲ್ಲ ಬೇರೆ ಬೇರೆ ಹೆಂಗಸರು.

ಆಯಿ ಕೌಂಟರಿನ ಮುಂದೆ ನಿಂತು ಕೇಳಿದ ಮಾತು ನನಗೆ ಈಗಲೂ ಕಿವಿಯಲ್ಲಿದೆ. "ನಾ ಇಲ್ಲೇ ನಿಂತೀನಿ. ನನ್ನ ಮಾರಿ ನೋಡಿ ಹೇಳ್ರಿ, ನಾ ನಾನ ಹೌದೋ ಅಲ್ಲೋ?" ಆ ಹುಡುಗ ಒಳ್ಳೆಯವನು. "ನೀವ ಹೌದು ಆಯಿ, ಆದ್ರ ಕಂಪ್ಯೂಟರ್‌ನ್ಯಾಗ ಮ್ಯಾಚ್ ಆಗವಲ್ದು" ಎಂದ. ಮ್ಯಾಚ್ ಯಾಕೆ ಆಗುತ್ತಿಲ್ಲ ಎಂದು ಕೇಳಿದೆ. "ಡೇಟಾಬೇಸ್ ಪ್ರಾಬ್ಲೆಮ್ ರೀ" ಎಂದ, ಮಳೆ ಬರಲಿಲ್ಲ ರೀ ಎಂದು ಹೇಳುವ ಹಾಗೆ.

ನನಗೆ ಸಿಟ್ಟು ಬಂದದ್ದು ಅಲ್ಲಿ. ಡೇಟಾಬೇಸ್ ಎಂದರೆ ಮಳೆಯಲ್ಲ. ಅದನ್ನು ಯಾರೋ ಕೂತು ಮಾಡಿದ್ದಾರೆ. ಆ ಹೊಲವನ್ನೇ ನೋಡಿ. ಹೊಲಕ್ಕೆ ಗಟ್ ನಂಬರ್ ಇದೆ. ನಮ್ಮಲ್ಲಿ ಸರ್ವೆ ನಂಬರ್, ಹಿಸ್ಸಾ ನಂಬರ್ ಇದ್ದ ಹಾಗೆ. ಕರ್ನಾಟಕ 2000ದ ಸುಮಾರಿಗೆ ‘ಭೂಮಿ’ ಯೋಜನೆಯಲ್ಲಿ ಎರಡು ಕೋಟಿಯಷ್ಟು ಪಹಣಿಗಳನ್ನು ಕಂಪ್ಯೂಟರಿಗೆ ಹಾಕಿದಾಗಲೂ ಜಾಗವನ್ನು ಗುರುತಿಸಿದ್ದು ನಂಬರಿನಿಂದ. ಯಾವ ಅಧಿಕಾರಿಯೂ ‘ಮಾವಿನ ಮರದ ಪಕ್ಕದ ಗದ್ದೆ’ ಎಂದು ಹುಡುಕುವುದಿಲ್ಲ. ಆ ಜಾಗದ ಒಡತಿಯನ್ನು ಮಾತ್ರ ಹೆಸರಿನ ಕಾಗುಣಿತದಿಂದ ಹುಡುಕುತ್ತಾರೆ. ಮಣ್ಣಿಗೆ ಕೊಟ್ಟ ಮರ್ಯಾದೆ ಮನುಷ್ಯರಿಗೆ ಇಲ್ಲ.

ಇದು ಎಲ್ಲೋ ಸನಮಡಿಯ ಕಥೆ ಎಂದುಕೊಂಡಿರಾ? ನಿಮ್ಮ ಮನೆಯ ಕಪಾಟಿನಲ್ಲಿರುವ ಪ್ಲಾಸ್ಟಿಕ್ ಫೈಲ್ ತೆಗೆದು ನೋಡಿ. ಬಾಪನ ಹೆಸರು ರೇಷನ್ ಕಾರ್ಡಿನಲ್ಲಿ ಅಬ್ದುಲ್ ರಹಿಮಾನ್, ಆಧಾರಿನಲ್ಲಿ ಅಬ್ದುಲ್ ರೆಹಮಾನ್, ಹಳೆ ಜಾಗದ ಪತ್ರದಲ್ಲಿ ಅದ್ರಾಮ ಬ್ಯಾರಿ. ಉಮ್ಮ ಒಂದು ಕಡೆ ಆಯಿಷಾ, ಒಂದು ಕಡೆ ಆಯಿಶಾಬಿ, ವೋಟರ್ ಪಟ್ಟಿಯಲ್ಲಿ ಐಸಮ್ಮ. ಮುಹಮ್ಮದ್ ಎಂಬ ಹೆಸರನ್ನು ನಮ್ಮ ಜಿಲ್ಲೆಯ ಕಚೇರಿಗಳಲ್ಲಿ ಎಷ್ಟು ತರ ಬರೆಯುತ್ತಾರೆ ಎಂದು ನಾನು ಲೆಕ್ಕ ಹಾಕುವುದನ್ನೇ ಬಿಟ್ಟಿದ್ದೇನೆ. ಮೇಲಿಂದ ನಮಗೆ ಅಡ್ಡಹೆಸರು ಇಲ್ಲ. ಮುಂದೆ ಎರಡು ಇನಿಶಿಯಲ್, ಒಂದು ಮನೆಯದ್ದು ಅಥವಾ ಊರಿನದ್ದು, ಒಂದು ಬಾಪನದ್ದು. ಅದನ್ನು ಬಿಡಿಸಿ ಬರೆಯಿರಿ ಎಂದರೆ ಒಬ್ಬೊಬ್ಬ ಗುಮಾಸ್ತ ಒಂದೊಂದು ತರ ಬಿಡಿಸುತ್ತಾನೆ.

2022ರ ನವೆಂಬರಿನಲ್ಲಿ ಯುಎಇ ಒಂದು ನಿಯಮ ತಂತು. ಪಾಸ್‌ಪೋರ್ಟಿನಲ್ಲಿ ಒಂದೇ ಪದದ ಹೆಸರಿದ್ದು ಸರ್‌ನೇಮ್ ಜಾಗ ಖಾಲಿಯಿದ್ದರೆ ವಿಸಿಟ್ ವೀಸಾದಲ್ಲಿ ಒಳಗೆ ಬಿಡುವುದಿಲ್ಲ. ಪಾಸ್‌ಪೋರ್ಟಿನ ಇನ್ನೊಂದು ಪುಟದಲ್ಲಿ ತಂದೆಯ ಹೆಸರೋ ಮನೆತನದ ಹೆಸರೋ ಇದ್ದರೆ ಸಾಕು ಎಂದು ಕೆಲವೇ ದಿನಗಳಲ್ಲಿ ಸಡಿಲ ಮಾಡಿದರು. ಆ ನಡುವೆ ನಮ್ಮ ಎಷ್ಟು ಮನೆಗಳಲ್ಲಿ ಟಿಕೆಟ್ ಕೈಯಲ್ಲಿ ಹಿಡಿದು ಗಾಬರಿಯಾದರು, ನಿಮಗೇ ಗೊತ್ತು. ಡೇಟಾಬೇಸಿನ ಭಾಷೆಯಲ್ಲಿ ಅದು ಒಂದು ಸಣ್ಣ ಶರತ್ತು. ಈ ಕಾಲಂ ಖಾಲಿ ಇರಬಾರದು, ಅಷ್ಟೆ. ಆ ಒಂದು ಶರತ್ತು ಬರೆಯುವವನಿಗೆ ಅಡ್ಡಹೆಸರೇ ಇಲ್ಲದ ಜನರು ಲೋಕದಲ್ಲಿ ಇದ್ದಾರೆ ಎಂಬುದು ನೆನಪಿರಲಿಲ್ಲ.

ಬೇರೆಯವರನ್ನು ಬೈದದ್ದು ಸಾಕು. ಈಗ ನನ್ನ ತಪ್ಪು.

2019ರಲ್ಲಿ ನಮ್ಮ ಜಮಾಅತಿನ ವಿದ್ಯಾರ್ಥಿವೇತನದ ಅರ್ಜಿಗಳನ್ನು ಎಕ್ಸೆಲ್‌ಗೆ ಹಾಕಿದ್ದು ನಾನು. ಇನ್ನೂರಕ್ಕಿಂತ ಜಾಸ್ತಿ ಅರ್ಜಿ. ಕೆಲವರು ಗಡಿಬಿಡಿಯಲ್ಲಿ ಎರಡೆರಡು ಸಲ ಕೊಟ್ಟಿದ್ದರು. ನಾನು ಬುದ್ಧಿವಂತ ಅಲ್ಲವೇ, ವಿದ್ಯಾರ್ಥಿಯ ಹೆಸರು ಮತ್ತು ತಂದೆಯ ಹೆಸರು ಎರಡು ಕಾಲಂ ಆರಿಸಿ ‘ರಿಮೂವ್ ಡುಪ್ಲಿಕೇಟ್ಸ್’ ಒತ್ತಿದೆ. ಇಷ್ಟು ಸಾಲು ತೆಗೆದಿದ್ದೇನೆ ಎಂದು ಕಂಪ್ಯೂಟರ್ ಹೇಳಿತು. ನಾನು ಓಕೆ ಎಂದೆ. ತೆಗೆದದ್ದರಲ್ಲಿ ಒಂದು ಸಾಲು ಡುಪ್ಲಿಕೇಟ್ ಆಗಿರಲಿಲ್ಲ. ಎರಡು ಬೇರೆ ಮನೆಯ ಇಬ್ಬರು ಹುಡುಗಿಯರು, ಹೆಸರು ಒಂದೇ, ತಂದೆಯ ಹೆಸರೂ ಒಂದೇ. ನಮ್ಮಲ್ಲಿ ಇದು ಆಶ್ಚರ್ಯವಾ? ಮೇಲಿನ ಮನೆಯವಳಿಗೆ ಹಣ ಬಂತು. ಕೆಳಗಿನ ಮನೆಯವಳು ಬರುತ್ತದೆ ಎಂದು ಕಾದಳು. ಫೀಸ್ ಕಟ್ಟುವ ದಿನ ದಾಟಿತು, ಆ ವರ್ಷ ಅವಳ ಕಾಲೇಜು ಹೋಯಿತು. ಅವಳ ಬಾಪ ಸಮಿತಿಯ ಹತ್ತಿರ ಬಂದು ಕೇಳಿದಾಗ ನಾವು ಪಟ್ಟಿ ತೋರಿಸಿದೆವು. "ಹೆಸರು ಇದೆಯಲ್ಲ, ಹಣ ಹೋಗಿದೆಯಲ್ಲ" ಎಂದೆವು. ಅವರು ನಾವು ಸುಳ್ಳು ಹೇಳುತ್ತೇವೆ ಎಂದೂ ಹೇಳಲಿಲ್ಲ, ಸುಮ್ಮನೆ ಹೋದರು. ನಿಜ ಗೊತ್ತಾದದ್ದು ನಾಲ್ಕು ತಿಂಗಳ ನಂತರ, ಕಾಗದದ ಅರ್ಜಿಗಳ ಕಟ್ಟು ಬಿಚ್ಚಿದಾಗ.

ಅದೇ ಪಟ್ಟಿಯಲ್ಲಿ ಇನ್ನೊಂದು ಅನ್ಯಾಯ ಇತ್ತು, ಅದು ನನಗೆ ಇನ್ನೂ ತಡವಾಗಿ ತಿಳಿಯಿತು. ಬಡವರಿಗೆ ಮೊದಲು ಕೊಡಬೇಕು ಎಂದು ಆದಾಯದ ಕಾಲಮನ್ನು ಕಡಿಮೆಯಿಂದ ಜಾಸ್ತಿಗೆ ಜೋಡಿಸಿದ್ದೆ. ಗಂಡ ಇಲ್ಲದ ಕೆಲವು ತಾಯಂದಿರು ‘ತಂದೆಯ ಆದಾಯ’ ಎಂಬಲ್ಲಿ ಏನೂ ಬರೆದಿರಲಿಲ್ಲ. ಏನು ಬರೆಯುವುದು ಅವರು? ಎಕ್ಸೆಲ್‌ನಲ್ಲಿ ಖಾಲಿ ಮನೆ ಯಾವತ್ತೂ ಕೊನೆಗೆ ಹೋಗುತ್ತದೆ, ನೀವು ಮೇಲಿಂದ ಕೆಳಗೆ ಜೋಡಿಸಿದರೂ ಸರಿ, ಕೆಳಗಿಂದ ಮೇಲೆ ಜೋಡಿಸಿದರೂ ಸರಿ. ಎಲ್ಲರಿಗಿಂತ ಮೊದಲು ಇರಬೇಕಾದವರು ಸಾಲಿನ ತುದಿಗೆ ಹೋಗಿದ್ದರು.

ಈ ಎರಡು ತಪ್ಪೂ ಡೇಟಾಬೇಸಿನ ಮೊದಲ ತಿಂಗಳ ಪಾಠ. ಹೆಸರು ಕೀ ಅಲ್ಲ, ಎಂದರೆ ಒಬ್ಬರನ್ನು ಇನ್ನೊಬ್ಬರಿಂದ ಬೇರೆ ಮಾಡುವ ಗುರುತು ಹೆಸರಿನಿಂದ ಆಗುವುದಿಲ್ಲ. ಮತ್ತು ‘ಗೊತ್ತಿಲ್ಲ’ ಎಂಬುದು ಸೊನ್ನೆಯೂ ಅಲ್ಲ, ‘ಇಲ್ಲ’ವೂ ಅಲ್ಲ. ಅದಕ್ಕೆ ನಲ್ ಎಂದು ಬೇರೆಯೇ ಹೆಸರಿದೆ, ಬೇರೆಯೇ ನಿಯಮವಿದೆ. ಎರಡು ನಲ್‌ಗಳನ್ನು ಒಂದೇ ಹೌದಾ ಎಂದು ಕೇಳಿದರೆ ಎಸ್‌ಕ್ಯೂಎಲ್ ಹೌದು ಎನ್ನುವುದಿಲ್ಲ, ಅಲ್ಲ ಎಂದೂ ಹೇಳುವುದಿಲ್ಲ, ಗೊತ್ತಿಲ್ಲ ಎನ್ನುತ್ತದೆ. ನನಗಿಂತ ಅದಕ್ಕೆ ಪ್ರಾಮಾಣಿಕತೆ ಜಾಸ್ತಿ.

ನಾಚಿಕೆಯಾಗಿ ಕಲಿಯಲು ಕೂತೆ. ರಾತ್ರಿ ಸೈಟ್ ರೂಮಿನಲ್ಲಿ ಮೊಬೈಲಿನಲ್ಲಿ. ಕಲಿಯುವಾಗ ಒಂದು ವಿಷಯ ಸಿಕ್ಕಿತು, ಎಐ ಕೋರ್ಸಿನ ಅಭಿಮಾನಿಗಳು ಇದನ್ನು ಗಮನಿಸಬೇಕು. 2011ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ ಲೋಕದ ಯಾರು ಬೇಕಾದರೂ ಪುಕ್ಕಟೆ ಕಲಿಯಬಹುದಾದ ಮೂರು ಕೋರ್ಸ್ ತೆರೆಯಿತು. ಒಂದು ಆರ್ಟಿಫಿಷಿಯಲ್ ಇಂಟೆಲಿಜೆನ್ಸ್, ಒಂದು ಮೆಷಿನ್ ಲರ್ನಿಂಗ್, ಮೂರನೆಯದು ಜೆನಿಫರ್ ವಿಡಮ್ ಎಂಬ ಪ್ರೊಫೆಸರ್ ನಡೆಸಿದ ಡೇಟಾಬೇಸ್ ಪರಿಚಯ. ಮೊದಲ ಎರಡರ ಹೆಸರು ಎಲ್ಲರ ಬಾಯಲ್ಲಿದೆ. ಮೂರನೆಯದನ್ನು ಯಾರೂ ಹೇಳುವುದಿಲ್ಲ. ಆ ಕೋರ್ಸಿನಲ್ಲಿ ರಿಲೇಶನಲ್ ಡೇಟಾಬೇಸ್ ಮತ್ತು ಎಕ್ಸ್‌ಎಂಎಲ್ ಎರಡೂ ಇದ್ದವು. ಕಲಿಸುವ ಕ್ರಮ ನನ್ನಂಥವನಿಗೂ ಅರ್ಥವಾಗುವ ಹಾಗಿತ್ತು.

ನಿಜ ಹೇಳಬೇಕೆಂದರೆ ಅರ್ಧ ಪಾಠ ನನಗೆ ಮೊದಲೇ ಗೊತ್ತಿತ್ತು, ಬಾಪನ ಅಂಗಡಿಯಿಂದ. ನಮ್ಮದು ಜಿನಸಿ ಅಂಗಡಿ. ಬಾಪನ ಕಡದ ಪುಸ್ತಕದಲ್ಲಿ ಗಿರಾಕಿಗೆ ಒಂದು ಪುಟ. ಮೋನು ಎಂಬ ಹೆಸರಿನವರು ನಾಲ್ಕು ಜನ ಇದ್ದರು, ಮೀನಿನ ಮೋನು, ಬಸ್‌ಸ್ಟ್ಯಾಂಡ್ ಮೋನು, ಹೀಗೆ. ಬಾಪ ಹೆಸರನ್ನು ನಂಬುತ್ತಿರಲಿಲ್ಲ, ಪುಟದ ನಂಬರನ್ನು ನಂಬುತ್ತಿದ್ದರು. ದಿನದ ಪುಸ್ತಕದಲ್ಲಿ ‘37, ಸಕ್ಕರೆ ಎರಡು ಕೆಜಿ’ ಎಂದು ಮಾತ್ರ ಬರೆಯುವುದು. 37 ಯಾರು, ಮನೆ ಎಲ್ಲಿ, ಅದು ಮೊದಲ ಹಾಳೆಯಲ್ಲಿ ಒಂದೇ ಕಡೆ. ಮನೆ ಬದಲಾಯಿಸಿದರೆ ಒಂದೇ ಕಡೆ ತಿದ್ದಿದರೆ ಸಾಕು. ಅಕ್ಕಿಯ ರೇಟು ಸ್ಲೇಟಿನ ಮೇಲೆ, ಅದೂ ಒಂದೇ ಕಡೆ. ಆದರೆ ಕೊಟ್ಟ ದಿನದ ರೇಟು ಮಾತ್ರ ಸಾಮಾನಿನ ಜೊತೆಯೇ ಬರೆಯುತ್ತಿದ್ದರು, ಯಾಕೆಂದರೆ ನಾಳೆ ಸ್ಲೇಟು ಅಳಿಸಿದರೂ ನಿನ್ನೆಯ ಸಾಲ ಬದಲಾಗಬಾರದು. ಈ ಕೊನೆಯ ಸೂಕ್ಷ್ಮ ಕಂಪ್ಯೂಟರ್ ಬಿಲ್ಲಿಂಗ್ ಮಾಡಿಸಿಕೊಂಡ ಎಷ್ಟೋ ಅಂಗಡಿಗಳಲ್ಲಿ ತಪ್ಪಿದ್ದನ್ನು ನೋಡಿದ್ದೇನೆ. ಒಂದು ಸಂಗತಿ ಒಂದೇ ಜಾಗದಲ್ಲಿ ಇರಬೇಕು, ಉಳಿದ ಕಡೆ ಅದರ ನಂಬರ್ ಇದ್ದರೆ ಸಾಕು. ಇದಕ್ಕೆ ಪುಸ್ತಕದಲ್ಲಿ ನಾರ್ಮಲೈಸೇಶನ್, ಫಾರಿನ್ ಕೀ ಎಂಬ ದೊಡ್ಡ ಹೆಸರುಗಳಿವೆ. ಏಳನೇ ಕ್ಲಾಸು ಓದಿದ ನನ್ನ ಬಾಪನಿಗೆ ಹೆಸರು ಗೊತ್ತಿರಲಿಲ್ಲ, ಕೆಲಸ ಗೊತ್ತಿತ್ತು.

ಅದನ್ನು ಗಣಿತ ಮಾಡಿದವರು ಎಡ್ಗರ್ ಕಾಡ್. ಐಬಿಎಂನಲ್ಲಿದ್ದವರು. 1970ರ ಜೂನಿನಲ್ಲಿ ಅವರ ಲೇಖನ ಬಂತು. ಎಲ್ಲವನ್ನೂ ಸರಳವಾದ ಟೇಬಲ್‌ಗಳಲ್ಲಿ ಇಡಿ, ಯಾವ ದಾರಿಯಲ್ಲಿ ಹುಡುಕಬೇಕು ಎಂಬ ಚಿಂತೆ ಕಂಪ್ಯೂಟರಿಗೆ ಬಿಡಿ, ಏನು ಬೇಕು ಎಂದು ಮಾತ್ರ ಕೇಳಿ. ಐಬಿಎಂಗೆ ಆಗ ಇದು ರುಚಿಸಲಿಲ್ಲ, ಏಕೆಂದರೆ ಅವರ ಹತ್ತಿರ ಐಎಂಎಸ್ ಎಂಬ ಬೇರೆಯದೇ ಸರಕು ಮಾರಾಟಕ್ಕಿತ್ತು. ಅದು ಮರದ ಹಾಗೆ, ಬುಡದಿಂದ ಕೊಂಬೆ, ಕೊಂಬೆಯಿಂದ ರೆಂಬೆ. ಚಂದ್ರನಿಗೆ ಹೋದ ಅಪೊಲೊ ಯೋಜನೆಯ ಬಿಡಿಭಾಗಗಳ ಲೆಕ್ಕಕ್ಕಾಗಿ ಹುಟ್ಟಿದ್ದು. ಕೊನೆಗೆ ಕಾಡ್ ಗೆದ್ದರು, 1981ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಬಂತು. ಇವತ್ತು ನಿಮ್ಮ ಬ್ಯಾಂಕ್ ಖಾತೆ ಕೂತಿರುವುದು ಟೇಬಲ್‌ನಲ್ಲಿ. ವಾಟ್ಸಾಪ್ ಮೆಸೇಜುಗಳು ಕೂಡ ನಿಮ್ಮ ಆಂಡ್ರಾಯ್ಡ್ ಫೋನಿನೊಳಗೆ ಎಸ್‌ಕ್ಯೂಲೈಟ್ ಎಂಬ ಪುಟ್ಟ ಡೇಟಾಬೇಸಿನ ಟೇಬಲ್‌ಗಳಲ್ಲೇ ಇವೆ.

ಹಾಗಾದರೆ ಮರದ ಕಥೆ ಮುಗಿಯಿತಾ? ಇಲ್ಲ. ಮೆಕ್ಯಾನಿಕಲ್‌ನವನಿಗೆ ಇದು ಬೇಗ ತಲೆಗೆ ಹೋಗುತ್ತದೆ. ಗೋಡೌನಿನಲ್ಲಿ ಯಾವ ಬೇರಿಂಗ್ ಎಷ್ಟಿದೆ ಎಂಬುದು ಟೇಬಲ್. 6205 ಎಂದರೆ 6205, ಒಳಗಿನ ತೂತು 25 ಮಿಲಿಮೀಟರ್, ಮಂಗಳೂರಿನಲ್ಲೂ ಸಾಂಗ್ಲಿಯಲ್ಲೂ ಅಷ್ಟೇ. ಬೇರಿಂಗಿಗೆ ಇರುವ ಈ ಅದೃಷ್ಟ ನಮ್ಮ ಹೆಸರಿಗೆ ಇಲ್ಲ ನೋಡಿ. ಆದರೆ ಒಂದು ಗೇರ್‌ಬಾಕ್ಸ್ ಬಿಚ್ಚಿದರೆ ಅದರೊಳಗೆ ಒಂದು ಜೋಡಣೆ, ಅದರೊಳಗೆ ಇನ್ನೊಂದು, ಅದರೊಳಗೆ ಶಾಫ್ಟ್, ಶಾಫ್ಟಿನ ಮೇಲೆ ಬೇರಿಂಗ್. ಅದು ಮರ. ಕಾಗದಪತ್ರ, ಹಾಡು, ಪುಸ್ತಕ, ಇವುಗಳೂ ಒಳಗೊಳಗೆ ಇರುವ ವಸ್ತುಗಳೇ. 1998ರ ಫೆಬ್ರವರಿಯಲ್ಲಿ ಬಂದ ಎಕ್ಸ್‌ಎಂಎಲ್ ಅಂಥದ್ದನ್ನು ಬರೆಯುವ ಒಂದು ಕ್ರಮ. ಶುರುವಾಗುವಲ್ಲಿ ಒಂದು ಗುರುತು, ಮುಗಿಯುವಲ್ಲಿ ಅದೇ ಗುರುತು, ನಡುವೆ ಬೇಕಾದಷ್ಟು ಒಳಗುರುತು. ಆ ಗುರುತಿನ ಹೆಸರುಗಳನ್ನು ಕನ್ನಡ ಅಕ್ಷರದಲ್ಲೇ ‘ಮನೆ’, ‘ಸದಸ್ಯ’ ಎಂದು ಬರೆಯಬಹುದು, ಕಂಪ್ಯೂಟರ್ ಒಪ್ಪುತ್ತದೆ. ಇದನ್ನು ಮೊದಲ ಸಲ ಮಾಡಿ ನೋಡಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

"ಎಕ್ಸ್‌ಎಂಎಲ್ ಹಳತಾಯಿತು, ಈಗ ಎಲ್ಲ ಜೇಸನ್" ಎನ್ನುವ ಇಂಜಿನಿಯರ್ ಹುಡುಗರು ನಮ್ಮಲ್ಲಿದ್ದಾರೆ. ಹೌದು, ಹೊಸ ಕೆಲಸ ಬಹಳಷ್ಟು ಜೇಸನ್‌ನಲ್ಲಿ ನಡೆಯುತ್ತದೆ. ಆದರೆ ನೀವು ಕಳಿಸುವ ವರ್ಡ್ ಫೈಲ್ ಒಳಗೆ ಇರುವುದು ಎಕ್ಸ್‌ಎಂಎಲ್. ನಮ್ಮ ಅರ್ಧ ಸಮುದಾಯ ವ್ಯಾಪಾರಕ್ಕೆ ಬಳಸುವ ಟ್ಯಾಲಿಗೆ ಲೆಕ್ಕ ಹೊರಗಿನಿಂದ ತುಂಬಿಸುವುದು, ಹೊರಗೆ ತೆಗೆಯುವುದು ಎಕ್ಸ್‌ಎಂಎಲ್‌ನಲ್ಲಿ ಆಗುತ್ತದೆ. ಆಧಾರಿನ ಆಫ್‌ಲೈನ್ ಇ-ಕೆವೈಸಿ ಎಂದು ಡೌನ್‌ಲೋಡ್ ಮಾಡುತ್ತೀರಲ್ಲ, ಆ ಜಿಪ್ ಬಿಚ್ಚಿದರೆ ಒಳಗೆ ಡಿಜಿಟಲ್ ಸಹಿ ಹಾಕಿದ ಒಂದು ಎಕ್ಸ್‌ಎಂಎಲ್ ಫೈಲ್. ಅದರಲ್ಲಿ ನಿಮ್ಮ ಹೆಸರು ಯಾವ ಕಾಗುಣಿತದಲ್ಲಿದೆ ಎಂದು ಒಮ್ಮೆ ಕಣ್ಣಿನಿಂದ ನೋಡಿದವರು ಎಷ್ಟು ಜನ? ಮರ ಎಂದರೇನು, ಟೇಬಲ್ ಎಂದರೇನು, ಯಾವುದನ್ನು ಯಾವುದರಲ್ಲಿ ಇಡಬೇಕು ಎಂಬುದು ಗೊತ್ತಾದರೆ ಜೇಸನ್ ಅರ್ಧ ದಿನದ ಕೆಲಸ.

ಇನ್ನೊಂದು ವಾದ ಸಮಿತಿಯ ಹುಡುಗನದ್ದು. "ಈಗ ಚಾಟ್‌ಜಿಪಿಟಿ ಎಸ್‌ಕ್ಯೂಎಲ್ ಬರೆದು ಕೊಡುತ್ತದೆ, ಕಲಿಯುವುದು ಯಾಕೆ?" ಬರೆದು ಕೊಡುತ್ತದೆ, ನಾನೂ ಬರೆಸುತ್ತೇನೆ. ಆದರೆ ನಮ್ಮೂರಿನಲ್ಲಿ ಒಂದೇ ಹೆಸರಿನ, ಒಂದೇ ತಂದೆ ಹೆಸರಿನ ಇಬ್ಬರು ಹುಡುಗಿಯರು ಇದ್ದಾರೆ ಎಂಬುದು ಅದಕ್ಕೆ ಗೊತ್ತಾ? ಡುಪ್ಲಿಕೇಟ್ ತೆಗೆ ಎಂದು ನಾನು ಹೇಳಿದರೆ ಅದೂ ತೆಗೆಯುತ್ತದೆ, ನನಗಿಂತ ಬೇಗ ತೆಗೆಯುತ್ತದೆ. ಕೀ ಯಾವುದು ಎಂದು ಹೇಳಬೇಕಾದವರು ಆ ಊರನ್ನು ಬಲ್ಲವರು. ಊರನ್ನು ಬಲ್ಲವರಿಗೆ ಕೀ ಎಂದರೇನು ಎಂದೇ ಗೊತ್ತಿಲ್ಲದಿದ್ದರೆ?

ಹಿರಿಯರ ವಾದ ಬೇರೆ. ಅದು ಸಾಫ್ಟ್‌ವೇರ್‌ನವರ ಕೆಲಸ, ನಮಗೆ ವ್ಯಾಪಾರ ಇದೆ. ಹಾಜಾರರೇ, ನಿಮ್ಮ ಸೊಸೆಗೆ ಗೃಹಲಕ್ಷ್ಮಿಯ 2000 ರೂಪಾಯಿ ಬರುವುದು ರೇಷನ್ ಕಾರ್ಡಿನಲ್ಲಿ ಮನೆಯ ಯಜಮಾನಿ ಎಂದು ಯಾರ ಹೆಸರಿದೆ ಎಂಬುದರ ಮೇಲೆ. 2025ರ ಸೆಪ್ಟೆಂಬರಿನಲ್ಲಿ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆಗೆ ಬಂದವರು ಮನೆಯನ್ನು ಗುರುತಿಸಿದ್ದು ಕರೆಂಟ್ ಮೀಟರಿನ ನಂಬರಿನಿಂದ. ಒಂದು ಮೀಟರಿನಲ್ಲಿ ಮೂರು ಅಣ್ಣತಮ್ಮಂದಿರ ಸಂಸಾರ ಇರುವ ಮನೆ ನಮ್ಮಲ್ಲಿ ಇಲ್ಲವೇ? ಇದು ಇನ್ನು ಬರೀ ಸಾಫ್ಟ್‌ವೇರ್‌ನವರ ಕೆಲಸವಾಗಿ ಉಳಿದಿಲ್ಲ. ನಮ್ಮ ಮನೆಗಳು ಈಗಾಗಲೇ ಟೇಬಲ್‌ನೊಳಗೆ ಇವೆ.

ಕಾಲೇಜಿನಲ್ಲಿ ಕಲಿಸುವುದಿಲ್ಲವೇ ಎಂದರೆ ಕಲಿಸುತ್ತಾರೆ. ಮಂಗಳೂರು ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜಿನಲ್ಲಿ ಬಿಸಿಎ ಓದುವ ನಮ್ಮ ಹುಡುಗಿಗೂ ಡೇಟಾಬೇಸ್ ಪೇಪರ್ ಇದೆ, ಜತ್ತದಿಂದ ಹೋಗಿ ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯದ ಕಾಲೇಜು ಸೇರಿದ ಹುಡುಗನಿಗೂ ಇದೆ. ನನ್ನ ತಂಗಿಯ ನೋಟ್ಸ್ ನೋಡಿದ್ದೇನೆ. ನೌಕರ, ಇಲಾಖೆ, ಮ್ಯಾನೇಜರ್, ಅದೇ ಉದಾಹರಣೆ ಮೊದಲಿಂದ ಕೊನೆಯವರೆಗೆ. ಫಸ್ಟ್ ನಾರ್ಮಲ್ ಫಾರ್ಮ್ ಎಂದರೇನು, ಐದು ಮಾರ್ಕು. ಬಾಯಿಪಾಠ ಮಾಡಿ ಬರೆದು ಬರುತ್ತಾರೆ. ಮನೆಯ ರೇಷನ್ ಕಾರ್ಡೇ ಒಂದು ಟೇಬಲ್ ಎಂದು ಯಾರೂ ತೋರಿಸಿಕೊಟ್ಟಿಲ್ಲ. ಮೆಕ್ಯಾನಿಕಲ್, ಸಿವಿಲ್ ಡಿಪ್ಲೊಮಾದವರಿಗಂತೂ ಅದೂ ಇಲ್ಲ, ನನಗೂ ಇರಲಿಲ್ಲ.

ಆ ಫಸ್ಟ್ ನಾರ್ಮಲ್ ಫಾರ್ಮ್ ಬಗ್ಗೆ ಒಂದು ಮಾತು, ನಮಗೆ ಬಹಳ ಮುಖ್ಯವಾದದ್ದು. ಒಂದು ಮನೆಯಲ್ಲಿ ಒಂದೇ ಬೆಲೆ ಇರಬೇಕು ಎನ್ನುತ್ತದೆ ಅದು. ‘ಮಾತೃಭಾಷೆ’ ಎಂಬ ಕಾಲಮಿನಲ್ಲಿ ಒಂದೇ ಭಾಷೆ. ಸನಮಡಿಯ ಹುಡುಗನಿಗೆ ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ. ನಮಗೆ ಮನೆಯಲ್ಲಿ ಬ್ಯಾರಿ, ಪೇಟೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಮದ್ರಸದಲ್ಲಿ ಅರಬಿ ಅಕ್ಷರ. ಫಾರ್ಮ್ ತುಂಬುವ ಗುಮಾಸ್ತ ನಮ್ಮನ್ನು ಕೇಳುವುದೂ ಇಲ್ಲ, ಮುಸ್ಲಿಂ ಹೆಸರು ಕಂಡರೆ ಉರ್ದು ಎಂದು ಟಿಕ್ ಹಾಕುತ್ತಾನೆ. ನನ್ನ ಉಮ್ಮನಿಗೆ ಉರ್ದುವಿನಲ್ಲಿ ಒಂದು ಲೋಟ ನೀರು ಕೇಳಲೂ ಬರುವುದಿಲ್ಲ. ಆದರೆ ಇದಕ್ಕೆ ಡೇಟಾಬೇಸಿನ ಸಿದ್ಧಾಂತವನ್ನು ಬೈಯಬೇಡಿ. ಒಬ್ಬ ಮನುಷ್ಯನಿಗೆ ಒಂದೇ ಭಾಷೆ ಎಂದು ಕಾಡ್ ಎಲ್ಲೂ ಹೇಳಿಲ್ಲ. ಒಬ್ಬರಿಗೆ ನಾಲ್ಕು ಇದ್ದರೆ ಅದಕ್ಕೆ ಇನ್ನೊಂದು ಟೇಬಲ್ ಮಾಡಿ, ನಾಲ್ಕು ಸಾಲು ಬರೆಯಿರಿ ಎನ್ನುತ್ತದೆ ಸಿದ್ಧಾಂತ. ಒಂದೇ ಕಾಲಂ ಇಟ್ಟದ್ದು ಫಾರ್ಮ್ ಮಾಡಿದವನ ಸೋಮಾರಿತನ. ಇಷ್ಟು ಗೊತ್ತಿರುವ ಹುಡುಗಿ ಕೌಂಟರಿನ ಮುಂದೆ ನಿಂತರೆ ‘ಡೇಟಾಬೇಸಿನಲ್ಲಿ ಬರುವುದಿಲ್ಲಮ್ಮ’ ಎಂಬ ಮಾತಿಗೆ ಹೆದರಿ ವಾಪಸು ಬರುವುದಿಲ್ಲ. ಬರುವಂತೆ ಮಾಡಬಹುದು, ಹೀಗೆ ಮಾಡಬಹುದು ಎಂದು ಬರೆದು ಕೊಡುತ್ತಾಳೆ.

ಬ್ಯಾರಿ ಸಾಹಿತ್ಯ ಅಕಾಡೆಮಿ 2007ರಲ್ಲಿ ಬಂತು, ಬ್ಯಾರಿಗೆ ಲಿಪಿಯೂ ಬಂತು, ಸಂತೋಷ. 2027ರ ಜನಗಣತಿಯವರು ಮೊಬೈಲ್ ಆಪ್ ಹಿಡಿದುಕೊಂಡು ಮನೆಗೆ ಬರುತ್ತಾರೆ. ಕಳೆದ ಜನಗಣತಿಯಲ್ಲಿ ಮಾತೃಭಾಷೆ ಒಂದು, ಗೊತ್ತಿರುವ ಬೇರೆ ಭಾಷೆ ಎರಡು ಬರೆಯಲು ಜಾಗ ಇತ್ತು. ಮಾತೃಭಾಷೆ ಎಂಬಲ್ಲಿ ಬ್ಯಾರಿ ಎಂದು ಬಾಯಿಬಿಟ್ಟು ಹೇಳಿ, ಬರೆದದ್ದನ್ನು ನೋಡಿ. ನಾವು ಸಮ್ಮೇಳನದಲ್ಲಿ ಎಷ್ಟು ಕೂಗಿದರೂ ಎಣಿಕೆ ಆಗುವುದು ಆ ಒಂದು ಮನೆಯಲ್ಲಿ ಬರೆದದ್ದು.

ಈಗ ನನ್ನ ಬೇಡಿಕೆ. ಎಐ ಕೋರ್ಸಿಗೆ ಇಟ್ಟ ಹಣದಲ್ಲಿ ಕಾಲುಭಾಗವೂ ಬೇಡ. ಹಳೆಯ ನಾಲ್ಕು ಲ್ಯಾಪ್‌ಟಾಪ್, ಮದ್ರಸದ ಮೇಲಿನ ಹಾಲ್, ವಾರಕ್ಕೆ ಎರಡು ಸಂಜೆ, ಹನ್ನೆರಡು ವಾರ. ಎಸ್‌ಕ್ಯೂಲೈಟ್ ಪುಕ್ಕಟೆ. ಪಾಠ ಬ್ಯಾರಿಯಲ್ಲಿ, ಬೋರ್ಡಿನಲ್ಲಿ ಕನ್ನಡ, ಆಜ್ಞೆಗಳು ಹೇಗೂ ಇಂಗ್ಲಿಷಿನಲ್ಲಿ. ಎಂಟು ವಾರ ಟೇಬಲ್, ಉಳಿದ ನಾಲ್ಕು ವಾರ ಎಕ್ಸ್‌ಎಂಎಲ್. ಆ ನಾಲ್ಕು ವಾರದ ಕೆಲಸವಾಗಿ ನಮ್ಮ ಉಮ್ಮಂದಿರ ಬಾಯಲ್ಲಿರುವ ಮದುವೆ ಹಾಡುಗಳನ್ನು ಬರೆದುಕೊಳ್ಳೋಣ, ಯಾವ ಪದ ಅರಬಿ, ಯಾವುದು ತುಳು, ಯಾರು ಹಾಡಿದ್ದು, ಯಾವ ಊರಲ್ಲಿ ಎಂದು ಗುರುತು ಹಾಕಿ. ಹಾಡು ಎಕ್ಸೆಲ್ ಸಾಲಿನಲ್ಲಿ ಕೂರುವುದಿಲ್ಲ, ಅದಕ್ಕೆ ಮರವೇ ಬೇಕು. ಕಲಿಸಲು ಟ್ರೈನರ್ ಬೇಕಾಗಿಲ್ಲ, ಕೆಳಗಿನ ಮನೆಯ ಆ ಹುಡುಗಿ ಇದ್ದಾಳೆ. ಒಂದು ವರ್ಷ ತಡವಾಗಿ ಬಿಸಿಎ ಸೇರಿದಳು, ಮುಗಿಸಿದಳು. ನಾನು ಹೋಗಿ ಕ್ಷಮೆ ಕೇಳಿದ್ದೆ. "ಇಕ್ಕ, ನೀವು ಕಾಲಂ ಆರಿಸಿದ್ದು ತಪ್ಪಾಯಿತು, ಅರ್ಜಿ ನಂಬರ್ ಇತ್ತಲ್ಲ" ಎಂದಳು. ಕ್ಷಮಿಸಿದೆ ಎಂದು ಹೇಳಲಿಲ್ಲ. ಕಲಿಸಲು ಒಪ್ಪಿದ್ದಾಳೆ, ಸಂಬಳ ಕೊಡಬೇಕು ಎಂದಿದ್ದಾಳೆ. ಕೊಡಲೇಬೇಕು.

ಜೊತೆಗೆ ಇನ್ನೊಂದು. ಜಮಾಅತಿನ ಮನೆಗಳ ಪಟ್ಟಿಯನ್ನು ಎಲ್ಲರ ಆಧಾರ್ ನಂಬರ್ ಸಮೇತ ವಾಟ್ಸಾಪ್ ಗುಂಪಿನಲ್ಲಿ ಹರಿಯಬಿಟ್ಟಿದ್ದಾರಲ್ಲ, ಅದನ್ನು ಇವತ್ತೇ ಡಿಲೀಟ್ ಮಾಡಿ. ಹೆಸರು ಕೀ ಅಲ್ಲ ಎಂದರೆ ಆಧಾರನ್ನು ಕೀ ಮಾಡಿ ಎಂದು ಅರ್ಥವಲ್ಲ. ಒಂದೇ ನಂಬರ್ ಎಲ್ಲ ಟೇಬಲ್‌ಗಳಲ್ಲೂ ಇದ್ದರೆ ಜೋಡಿಸುವವನಿಗೆ ಸುಲಭ, ಆದರೆ ಯಾರು ಜೋಡಿಸುತ್ತಾರೆ, ಯಾಕೆ ಜೋಡಿಸುತ್ತಾರೆ ಎಂಬುದು ನಮ್ಮ ಕೈಯಲ್ಲಿರುವುದಿಲ್ಲ. ನಮ್ಮ ಪಟ್ಟಿಗೆ ನಮ್ಮದೇ ಮನೆ ನಂಬರ್, ಸದಸ್ಯ ನಂಬರ್ ಸಾಕು. ಬಾಪನ ಪುಟದ ನಂಬರಿನ ಹಾಗೆ.

ಸನಮಡಿಯ ಆಯಿಯ ಕೆಲಸ ಇನ್ನೂ ಆಗಿಲ್ಲ. ಹೆಸರು ತಿದ್ದಿಸಲು ಕೊಟ್ಟಿದ್ದಾರೆ, ಯಾವ ಕಾಗದದ ಹೆಸರನ್ನು ಸರಿ ಎಂದು ಇಟ್ಟುಕೊಳ್ಳುವುದು ಎಂಬಲ್ಲಿ ನಿಂತಿದೆ. ಮುಂದಿನ ತಿಂಗಳು ಅಲ್ಲಿಗೆ ಹೋದಾಗ ನೋಡಬೇಕು.

ಸಮಿತಿ ಒಪ್ಪಲಿ, ಬಿಡಲಿ, ಮೊದಲ ತರಗತಿ ಬರುವ ಶನಿವಾರ ಸಂಜೆ ನಮ್ಮ ಅಂಗಡಿಯ ಮಾಳಿಗೆಯಲ್ಲಿ. ಬರುವವರು ಮನೆಯಿಂದ ರೇಷನ್ ಕಾರ್ಡ್, ಆಧಾರ್, ಮಾರ್ಕ್ಸ್ ಕಾರ್ಡ್, ಪಾಸ್‌ಪೋರ್ಟ್, ಇದ್ದದ್ದರ ಜೆರಾಕ್ಸ್ ತನ್ನಿ. ನಂಬರಿನ ಮೇಲೆಲ್ಲ ಕಾಗದದ ತುಂಡು ಅಂಟಿಸಿಕೊಂಡು ತನ್ನಿ, ಅದು ನನಗೆ ಬೇಡ. ಹೆಸರುಗಳನ್ನು ಮಾತ್ರ ಪಕ್ಕಪಕ್ಕ ಇಟ್ಟು ಶುರು ಮಾಡೋಣ. ಚಾಯ ಇರುತ್ತದೆ.